ಗೌರತ್ತೆಯ ಕಿಟಕಿಗೆ ಪರದೆ

ಹೊಸ ಮನೆಗೆ ಎಂಟು ಕಿಟಕಿ. ಶಿಕಾರಿಪುರದ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿದವರೆಲ್ಲ ಬಾಗಿಲಿನ ಮಾವಿನ ತೋರಣ ಒಣಗುವ ಮೊದಲೇ ಕಿಟಕಿಗೆ ಕರ್ಟನ್ ಹಾಕಿಸಿಬಿಡುತ್ತಾರೆ. ನಮ್ಮ ಮನೆಯಲ್ಲಿ ಗೃಹಪ್ರವೇಶ, ಮಗನ ಮದುವೆ ಎರಡೂ ಒಂದೇ ತಿಂಗಳಲ್ಲಿ ಮುಗಿದು ನಾಲ್ಕು ತಿಂಗಳಾದರೂ ಕಿಟಕಿಗಳು ಬೋಳಾಗಿಯೇ ಇದ್ದವು. ಮೊನ್ನೆ ಭಾನುವಾರ ಮಗ ಒಬ್ಬನನ್ನು ಅಳತೆಗೆ ಕರೆಸಿದ. ಆತ ಟೇಪು ಹಿಡಿದು ಎಂಟೂ ಕಿಟಕಿ ಅಳೆದು, ಬಟ್ಟೆಯ ತುಂಡುಗಳನ್ನು ಅಂಟಿಸಿದ ದಪ್ಪ ಪುಸ್ತಕವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟ. ಮಗ, "ನೀನೇ ಆರಿಸಮ್ಮ" ಎಂದು ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿ ಪೇಪರ್ ಹಿಡಿದು ಕೂತ. ಸೊಸೆ ರೂಪಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಈ ಕೆನೆ ಬಣ್ಣದ್ದು ನೋಡ್ರಿ ಅಮ್ಮಾರ. ಈಗ ಎಲ್ಲಾರೂ ಇದನ್ನ ಹಾಕ್ಸಾದು."

"ಎಲ್ಲಾರೂ ಹಾಕಿಸ್ತಾರೆ ಅಂತ ನಾನ್ಯಾಕಪ್ಪ ಹಾಕಿಸ್ಬೇಕು? ಒಂದು ವಾರ ಬಿಟ್ಟು ಬಾ."

ಪಾಪ, ಅವನ ಮುಖ ಸಣ್ಣದಾಯಿತು. ಮೂವತ್ತೈದು ವರ್ಷ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು ನಾನು. ನನ್ನ ಬಾಯಿ ನಿವೃತ್ತಿಯಾಗಿಲ್ಲ ಎಂದು ಮಗ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ. ಒಂದು ತುಂಡು ಬಟ್ಟೆ ಆರಿಸಲು ಒಂದು ವಾರ ಯಾಕೆ ಬೇಕೆಂದು ಅಳತೆಯವನಿಗೆ ಅರ್ಥವಾಗಲಿಲ್ಲ. ಬಣ್ಣದ ಚಿಂತೆ ನನಗಿರಲಿಲ್ಲ. ಹಾಕಿಸಬೇಕೋ ಬಿಡಬೇಕೋ ಅನ್ನುವುದೇ ನನಗೆ ತೀರ್ಮಾನವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಎಂಟನ್ನೂ ಹಾಗೇ ಬಿಡುವ ಕಡೆಗೇ ಮನಸ್ಸು ವಾಲಿತ್ತು. ನಾನು ಬೆಳೆದ ಮನೆಯಲ್ಲಿ ಒಂದು ಕಿಟಕಿಗೆ ಪರದೆ ಹಾಕಿ ಏನಾಯಿತೆಂದು ನೋಡಿದವಳು ನಾನು.

ಆ ಮನೆ ಇದ್ದದ್ದು ಸೊರಬದಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಒಂದರ ಗೋಡೆಗೆ ಇನ್ನೊಂದು ತಾಗಿಕೊಂಡಿದ್ದ ಹೆಂಚಿನ ಮನೆಗಳು, ಮುಂದೆ ಉದ್ದಕ್ಕೂ ಕಟ್ಟೆ. ಆ ಬೀದಿಯಲ್ಲಿ ಹಗಲು ಹೊತ್ತು ಕಿಟಕಿಗೆ ಬಟ್ಟೆ ಕಟ್ಟುತ್ತಿದ್ದದ್ದು ಎರಡೇ ಕಾರಣಕ್ಕೆ. ಒಳಗೆ ಬಾಣಂತಿ ಇದ್ದರೆ, ಗಾಳಿಯೂ ಕಣ್ಣೂ ತಾಗದಿರಲಿ ಎಂದು ಹಳೆಯ ಸೀರೆ ಕಟ್ಟುತ್ತಿದ್ದರು. ಇಲ್ಲವೇ ಮಕ್ಕಳ ಮೈಮೇಲೆ ನೀರುಗುಳ್ಳೆ ಎದ್ದಾಗ. ಆ ಕಾಯಿಲೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅಮ್ಮ ಬಂದಾಳೆ ಅನ್ನುವುದು, ಅದೂ ಮೆಲ್ಲಗೆ. ಅಮ್ಮ ಬಂದ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ, ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ನಿಮ್ಮಲ್ಲಿ ಅಮ್ಮ ಬಂದಾಳಾ ಎಂದು ಬಾಯಿಬಿಟ್ಟು ಕೇಳುವಂತೂ ಇಲ್ಲ. ಕಿಟಕಿಯ ಬಟ್ಟೆ ನೋಡಿ ತಿಳಿದುಕೊಂಡು ಸುಮ್ಮನೆ ಆಚೆ ಬದಿಯಿಂದ ಹೋಗಬೇಕು. ಬೀದಿಗೆಲ್ಲ ಇದು ಗೊತ್ತಿದ್ದ ಮಾತು, ಯಾರಿಗೂ ಯಾರೂ ಹೇಳಿಕೊಟ್ಟದ್ದಲ್ಲ.

ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮ ಚಿಕ್ಕಪ್ಪ, ಅಪ್ಪನ ಅಕ್ಕ ಗೌರತ್ತೆ ಮತ್ತು ನಾನು. ಅಪ್ಪ, ಚಿಕ್ಕಪ್ಪ ಸೇರಿ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಕಿರಾಣಿ ಅಂಗಡಿ ನಡೆಸುತ್ತಿದ್ದರು. ಮನೆಯೆಂದರೆ ಪಡಸಾಲೆ, ಅದರ ಪಕ್ಕಕ್ಕೆ ಬೀದಿಯ ಕಡೆಯ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲ ಜಗಲಿ, ಇಷ್ಟೇ. ಕೋಣೆಗೆ ಕಬ್ಬಿಣದ ಸರಳುಗಳ ದೊಡ್ಡ ಕಿಟಕಿ ಒಂದಿತ್ತು, ಎರಡು ಮರದ ಕದಗಳಿದ್ದವು. ಮನೆಗೆಲ್ಲ ಒಳ್ಳೆಯ ಬೆಳಕು ಬರುತ್ತಿದ್ದದ್ದು ಅದೊಂದರಿಂದಲೇ. ಆ ಕಿಟಕಿಯ ಕೆಳಗೆ ನೆಲದ ಮೇಲೆ ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿಕೊಂಡು ಗೌರತ್ತೆ ದಿನವಿಡೀ ಕೌದಿ ಹೊಲಿಯುತ್ತಿದ್ದಳು. ಸೊರಬದಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಮೊದಲ ನಿದ್ದೆ ಮಾಡಿದ್ದು ನಮ್ಮತ್ತೆಯ ಕೌದಿಯ ಮೇಲೆ. ಈ ಮಾತನ್ನು ನಾನು ಈಗಲೂ ಜಂಬದಿಂದಲೇ ಹೇಳುತ್ತೇನೆ.

ಗೌರತ್ತೆಗೆ ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಮಾತು ಉಳಿದಿತ್ತು. ಆದರೆ ತಾನು ಎಷ್ಟು ಗಟ್ಟಿಯಾಗಿ ಆಡುತ್ತಿದ್ದೇನೆ ಎಂಬ ಅಂದಾಜು ಅವಳಿಗಿರಲಿಲ್ಲ. ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಹೆಣ್ಣು ನೋಡಲು ಎರಡು ಸಲ ಜನ ಬಂದರಂತೆ, ಉಪ್ಪಿಟ್ಟು ತಿಂದು ಹೋದವರು ತಿರುಗಿ ಬರಲಿಲ್ಲವಂತೆ. "ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಆಗಿತ್ತು ಕಾಣತ್ತೆ" ಎಂದು ಅವಳೇ ನಗುತ್ತಿದ್ದಳು. ಕಿವಿಯ ಕೆಲಸವನ್ನೆಲ್ಲ ಅವಳು ಕಣ್ಣಿನಿಂದ ಮಾಡಿಸಿಕೊಳ್ಳುತ್ತಿದ್ದಳು. ಬಾಯಿ ನೋಡಿ ಮಾತು ತಿಳಿಯುತ್ತಿದ್ದಳು. ಅವಳನ್ನು ಕರೆಯಬೇಕಾದರೆ ಕಿಟಕಿಯ ಬೆಳಕಿಗೆ ಅಡ್ಡ ನಿಲ್ಲಬೇಕು. ಹೊಲಿಗೆಯ ಮೇಲೆ ನೆರಳು ಬಿದ್ದೊಡನೆ ತಲೆ ಎತ್ತುತ್ತಿದ್ದಳು. ಬೀದಿಯವರೆಲ್ಲ ಇದನ್ನು ಕಲಿತಿದ್ದರು. ಹಾಲು ಹಾಕುವ ಬಸಕ್ಕ, ಕೌದಿಗೆ ಬಟ್ಟೆ ಕೊಡಲು ಬರುವ ಹೆಂಗಸರು, ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ನೇರ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಬಸ್ಸಿನಿಂದ ಇಳಿದು ಯಾರು ನಮ್ಮ ಬೀದಿಗೆ ತಿರುಗಿದರು, ಯಾರ ಕೈಯಲ್ಲಿ ಚೀಲವಿದೆ, ಯಾರ ಮುಖ ಬಾಡಿದೆ, ಎಲ್ಲ ಅತ್ತೆಗೇ ಮೊದಲು ಗೊತ್ತು. "ಎರಡಾಳಿಗೆ ಅನ್ನ ಜಾಸ್ತಿ ಇಡು, ಚಂದ್ರಗುತ್ತಿಯವರು ಬಂದ್ರು" ಎಂದು ಅವಳು ಕೂಗಿದ ಮೇಲೆ ನೆಂಟರು ಹೊಸಿಲು ದಾಟುತ್ತಿದ್ದರು.

ನಮ್ಮ ಮನೆಯ ನಡವಳಿಕೆಯೆಲ್ಲ ಅತ್ತೆಯ ಕಣ್ಣಿಗೆ ತಕ್ಕಂತೆ ರೂಪುಗೊಂಡಿತ್ತು. ಊಟಕ್ಕೆ ಅವಳು ಬಾಗಿಲಿಗೆ ಮುಖ ಮಾಡಿಯೇ ಕೂರುವುದು. ಅವಳೊಡನೆ ಮಾತಾಡುವವರು ಬೆಳಕಿಗೆ ಮುಖ ಕೊಟ್ಟು ನಿಲ್ಲುವುದು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಿದರೆ ಬೈಗುಳ ಖಂಡಿತ. ಅಪ್ಪ ಅವ್ವ ಜಗಳಾಡುವಾಗಲಂತೂ ತಮಾಷೆ. ಅತ್ತೆಗೆ ತಿಳಿಯಬಾರದೆಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಪ್ಪ ಗೋಡೆಯ ಕಡೆ ತಿರುಗಿಕೊಂಡು ಜಗಳಾಡುತ್ತಿದ್ದರು. ಅತ್ತೆ ಸೂಜಿಯ ಮೇಲಿನ ಕಣ್ಣು ತೆಗೆಯದೆ ಹೇಳುತ್ತಿದ್ದಳು.

"ಗ್ವಾಡೆಗೆ ಯಾಕೆ ಬೈತೀಯೋ ತಮ್ಮಾ? ಅದೇನು ಮಾಡಿದೆ ಪಾಪ?"

ಆಮೇಲೆ ಜಗಳ ಮುಂದುವರಿಸಲು ಯಾರಿಗಾದರೂ ಹೇಗೆ ಸಾಧ್ಯ? ಅಪ್ಪ ನಕ್ಕುಬಿಡುತ್ತಿದ್ದ, ಅವ್ವ ನಗು ತಡೆದುಕೊಂಡು ಒಳಗೆ ಹೋಗುತ್ತಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ಚಿಕ್ಕಪ್ಪನ ಮದುವೆಯಾಯಿತು. ಚಿಕ್ಕಮ್ಮ ಸರೋಜ, ಶಿಕಾರಿಪುರದ ಹತ್ತಿರದ ಒಂದು ಹಳ್ಳಿಯವಳು. ತವರಿನಿಂದ ಒಂದು ಹೊಸ ಮಂಚ, ಮೊಣಕಾಲು ಮುಟ್ಟುವ ಜಡೆ, ಮತ್ತು ಹೇಳಿದಷ್ಟೂ ಮುಗಿಯದ ಕತೆಗಳನ್ನು ತಂದಳು. ಅವಳು ನನಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಿದ್ದಳು. ಅಷ್ಟು ಸಾಕಾಯಿತು, ನಾನು ಅವಳ ಪಕ್ಷ. ಹೊಸ ಜೋಡಿಗೆ ಮನೆಯಲ್ಲಿದ್ದ ಒಂದೇ ಕೋಣೆಯನ್ನು ಬಿಟ್ಟುಕೊಟ್ಟರು. ರಾತ್ರಿ ಅದು ಅವರದು, ಬೆಳಗಾದರೆ ಅತ್ತೆಯದು. ಬೆಳಕಿದ್ದದ್ದು ಅಲ್ಲೇ ತಾನೆ. ಇದರಲ್ಲಿ ತೊಂದರೆ ಇದೆಯೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ತೊಂದರೆ ಇದ್ದದ್ದು ಚಿಕ್ಕಮ್ಮನಿಗೆ. ಅವಳು ತಲೆ ಬಿಚ್ಚಿ ಬಾಚಿಕೊಳ್ಳಲು ಕೂತರೆ ಕಿಟಕಿಯಲ್ಲಿ ಬಸಕ್ಕನ ಮುಖ. ಸೀರೆಯ ನೆರಿಗೆ ಸರಿಮಾಡಿಕೊಳ್ಳುವಾಗ ಕೌದಿಯವರು ಇಬ್ಬರು. ಬಂದವರು ಅತ್ತೆಯೊಡನೆ ಮಾತಾಡುತ್ತಲೇ ಅವಳನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಕೂದಲಿಗೆ ಏನು ಎಣ್ಣೆ, ಮಂಚಕ್ಕೆ ಯಾವ ಮರ, ಇನ್ನೂ ಏನೂ ವಿಶೇಷ ಇಲ್ಲವಾ, ಒಂದೇ ಎರಡೇ. ಚಿಕ್ಕಮ್ಮ ಕಿಟಕಿಯ ಕದ ಹಾಕುತ್ತಿದ್ದಳು. ಅತ್ತೆ ಬಂದು, ಮರೆತು ಹಾಕಿದ್ದಾಳೆ ಎಂದುಕೊಂಡು ತೆಗೆಯುತ್ತಿದ್ದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ದಿನಕ್ಕೆ ನಾಲ್ಕು ಸಲ ಆ ಕದ ಹಾಕುವುದು, ತೆಗೆಯುವುದು ನಡೆದಿತ್ತು. ಮಾತಿಗೆ ಮಾತು ಬೆಳೆಯಲಿಲ್ಲ. ಚಿಕ್ಕಮ್ಮ ಕೊನೆಗೆ ಬಚ್ಚಲ ಕತ್ತಲಲ್ಲಿ ತಲೆ ಬಾಚಿಕೊಳ್ಳಲು ಶುರು ಮಾಡಿದಳು. ಒಂದು ದಿನ ಅಲ್ಲಿ ಅವಳು ಅಳುತ್ತಿದ್ದದ್ದನ್ನು ನಾನೇ ನೋಡಿದೆ.

"ಯಾಕೆ ಚಿಕ್ಕಮ್ಮ?"

"ಏನಿಲ್ಲವ್ವ. ಈ ಮನ್ಯಾಗ ನಾನು ಕಣ್ಣು ಮುಚ್ಚಿದ್ರೂ ಯಾರಾರ ನೋಡ್ತಿರ್ತಾರ ಅನ್ನಸ್ತೈತಿ. ನಮ್ಮ ಊರಿಗೆ ಹೋಗಿ ಒಂದು ವಾರ ಮಕ್ಕೊಂಬೇಕು ಅನ್ನಸ್ತೈತಿ."

ಚಿಕ್ಕಮ್ಮ ಊರಿಗೆ ಹೋದರೆ ತಿರುಗಿ ಬರುವುದೇ ಇಲ್ಲವೇನೋ ಎಂದು ಹೆದರಿದೆ.

ಆ ಸಮಯಕ್ಕೆ ಸರಿಯಾಗಿ ಬಂದಳಿಕೆಯ ನಮ್ಮ ಬಂಧುಗಳ ಮನೆಯಲ್ಲಿ ಒಂದು ನಾಮಕರಣ ಬಂತು. ಕೂಸಿಗೆ ಕೌದಿ ಕೊಡಲು ಅತ್ತೆ ಹೊರಟಳು, ನಾಲ್ಕು ದಿನ ಇದ್ದು ಬರುತ್ತೇನೆ ಎಂದಳು. ಅವಳ ಬಸ್ಸು ಹೋದ ದಿನವೇ ಚಿಕ್ಕಪ್ಪ ಶಿರಾಳಕೊಪ್ಪದ ಸಂತೆಯಿಂದ ಹಸಿರು ಹೂವಿನ ಬಟ್ಟೆ ತಂದ. ಚಿಕ್ಕಮ್ಮ ಅಂಚು ಮಡಿಸಿ ಹೊಲಿದಳು, ನಾನು ಸ್ಟೂಲು ಹಿಡಿದುಕೊಂಡೆ, ದಾರ ಪೋಣಿಸಿ ಕಟ್ಟಿಯೇಬಿಟ್ಟೆವು. ಅವ್ವ ಬಂದು ನೋಡಿದಳು. ಹಳೇ ಸೀರೆ ಕಟ್ಟಿದ್ದರೆ ಅವ್ವ ಅಲ್ಲೇ ತಡೆಯುತ್ತಿದ್ದಳು. ಹೊಸ ಹೂವಿನ ಬಟ್ಟೆ ನೋಡಿ ಯಾರು ತಪ್ಪು ತಿಳಿದಾರು ಎಂದು ಅವಳೂ ಸುಮ್ಮನಾದಳು.

ಮರುದಿನದಿಂದ ನಮ್ಮ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಬಸಕ್ಕ ಹಾಲಿನ ತಂಬಿಗೆಯನ್ನು ಕಟ್ಟೆಯ ತುದಿಯಲ್ಲಿಟ್ಟು, ಕೈ ಮುಗಿದು ಹೋದಳು. ಹಾಲಿಗೆ ಯಾಕೆ ಕೈ ಮುಗಿಯುತ್ತಾಳೆ ಎಂದು ನಮಗೆ ತಿಳಿಯಲಿಲ್ಲ. ಮಜ್ಜಿಗೆ ಕೇಳಲು ಬರುವವರು ಬರಲಿಲ್ಲ, ನನ್ನ ಜೊತೆ ಕುಂಟೆಬಿಲ್ಲೆ ಆಡಲು ಯಾರೂ ಬರಲಿಲ್ಲ. ಚಿಕ್ಕಮ್ಮ ಹಗಲು ಹೊತ್ತು ಕೋಣೆಯ ನಡುವೆ ಕೂತು, ಕೂದಲು ಹರಡಿಕೊಂಡು, ಹಾಡು ಹೇಳಿಕೊಂಡು ಬಾಚಿಕೊಂಡಳು. ಮದುವೆಯಾದ ಮೇಲೆ ಅವಳು ಹಾಡಿದ್ದು ಅದೇ ಮೊದಲು. ಅವಳ ಆ ಸುಖ ನೋಡಿ ನನಗೂ ಸುಖವಾಗಿತ್ತು. ಮೂರನೇ ದಿನ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಮನೆಗೆ ಹೋಗು, ಹದಿನೈದು ದಿನ ಬಿಟ್ಟು ಬಾ ಅಂದರು. ಯಾಕೆ ಅಂತ ಹೇಳಲಿಲ್ಲ. ನನಗೇನು, ರಜೆ ಸಿಕ್ಕಿತೆಂದು ಓಡಿ ಬಂದೆ. ಅವ್ವ ಒಲೆಯ ಮುಂದೆ ಕೂತವಳು ಇದನ್ನು ಕೇಳಿ ಒಂದು ಕ್ಷಣ ಯೋಚಿಸಿ, ಹಣೆ ಹಣೆ ಬಡಿದುಕೊಂಡಳು. ಅವಳು ಎದ್ದು ಬೀದಿಗೆ ಹೋಗಿ ಹೇಳುವಷ್ಟರಲ್ಲಿ, ಒಂದು ದಿನ ಮೊದಲೇ ಹೊರಟುಬಂದ ಗೌರತ್ತೆ ಬಸ್ಸಿಳಿದಿದ್ದಳು.

ಅತ್ತೆ ಬೀದಿಯ ತಿರುವಿನಲ್ಲೇ ತನ್ನ ಕಿಟಕಿಯ ಮೇಲೆ ಬಟ್ಟೆ ನೋಡಿದಳು. ನೋಡಿದವಳು ಹಿಂದಕ್ಕೆ ತಿರುಗಿದಳು. ಬಸ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದಿಂದ ಸೊಪ್ಪು ಮುರಿಸಿಕೊಂಡು, ಬೀದಿಯ ನಲ್ಲಿಯಲ್ಲಿ ಕಾಲು ತೊಳೆದು, ಮಾತಿಲ್ಲದೆ ಬಂದು ಹೊಸಿಲಿಗೆ ಬೇವು ಇಟ್ಟು ನಮಸ್ಕಾರ ಮಾಡಿದಳು. ಆಮೇಲೆ ನೇರ ನನ್ನ ಹತ್ತಿರ ಬಂದು, ನನ್ನ ಲಂಗ ಜಂಪರು ಎತ್ತಿ ಹೊಟ್ಟೆ ನೋಡಿದಳು, ಬೆನ್ನು ನೋಡಿದಳು, ಕಿವಿಯ ಹಿಂದೆ ನೋಡಿದಳು.

"ಯಾರಿಗೆ ಬಂದಾಳೆ? ಇವಳಿಗಿಲ್ಲ. ಮತ್ತ್ಯಾರಿಗೆ?"

ಬೀದಿಗೆಲ್ಲ ಕೇಳಿಸಿತು. ಅವ್ವ ಅವಳ ಎದುರಿಗೆ ನಿಂತು, ನಗು ಬಂದರೂ ತಡೆದುಕೊಂಡು, ಯಾರಿಗೂ ಇಲ್ಲ ಗೌರಕ್ಕ, ಯಾರಿಗೂ ಏನೂ ಇಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದಳು.

"ಮತ್ತೆ ಬಟ್ಟೆ ಯಾಕೆ?"

ಚಿಕ್ಕಮ್ಮ ತಲೆ ತಗ್ಗಿಸಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಏನೋ ಮೆಲ್ಲಗೆ ಹೇಳಿದಳು, ಅತ್ತೆಗೆ ತಿಳಿಯಲಿಲ್ಲ. ದೊಡ್ಡವರು ಸುಮ್ಮನಿದ್ದರಲ್ಲ, ನಾನು ನಾಯಕಿಯಾದೆ. ಎಲ್ಲರೂ ಚಿಕ್ಕಮ್ಮನನ್ನು ನೋಡ್ತಾರೆ ಅದಕ್ಕೆ ಕಟ್ಟಿದ್ದು, ಇನ್ನು ಮೇಲೆ ಯಾರಾದರೂ ಬಂದರೆ ನಾನು ಬಂದು ನಿನಗೆ ಹೇಳ್ತೀನಿ ಅತ್ತೆ ಅಂದೆ. ಅತ್ತೆ ನನ್ನ ಬಾಯಿಯನ್ನೇ ನೋಡಿದಳು. ಸಿಟ್ಟು ಮಾಡಲಿಲ್ಲ. ನೀನು ಶಾಲೆಗೆ ಹೋದಾಗ ಯಾರು ಹೇಳ್ತಾರೆ ಎಂದು ಕೇಳಲೂ ಇಲ್ಲ. ತನ್ನ ಸೂಜಿ ದಾರದ ಡಬ್ಬಿ, ಬಟ್ಟೆಯ ಗಂಟು ಎತ್ತಿಕೊಂಡು ಹಿತ್ತಲ ಜಗಲಿಗೆ ಹೋದಳು. ಚಿಕ್ಕಪ್ಪನಿಗೆ, ಎಲ್ಲ ಸಲೀಸಾಗಿ ಬಗೆಹರಿಯಿತು ಎಂದು ನೆಮ್ಮದಿಯಾಯಿತು.

ಹಿತ್ತಲಲ್ಲಿ ಬೆಳಕಿಗೇನೂ ಕೊರತೆಯಿರಲಿಲ್ಲ. ಆದರೆ ಅಲ್ಲಿ ಬೆಳಕಿಗೆ ಮುಖ ಮಾಡಿ ಕೂತರೆ ಮನೆಯ ಬಾಗಿಲು ಬೆನ್ನಿಗೆ ಬರುತ್ತಿತ್ತು. ಅತ್ತೆ ಹೊಲಿಯುತ್ತಾ ಹೊಲಿಯುತ್ತಾ ಹಿಂತಿರುಗಿ ನೋಡುತ್ತಿದ್ದಳು. ನಾಲ್ಕು ಹೊಲಿಗೆ, ಒಂದು ಸಲ ಹಿಂದಕ್ಕೆ. ನೆಂಟರು ಬಂದು ಊಟಕ್ಕೆ ಕೂತ ಮೇಲೆ ಅವಳಿಗೆ ತಿಳಿಯುತ್ತಿತ್ತು. ನಮ್ಮಲ್ಲಿ ಅಮ್ಮ ಬಂದಿಲ್ಲವೆಂದು ಅವ್ವ ಬೀದಿಗೆಲ್ಲ ಹೇಳಿ ಬಂದಿದ್ದಳು. ಕೌದಿಗೆ ಬಂದವರು ಮುಂದಿನ ಬಾಗಿಲಲ್ಲಿ ಕರೆದು ಕರೆದು, ಒಮ್ಮೊಮ್ಮೆ ಹಾಗೇ ಹೋಗುತ್ತಿದ್ದರು, ಒಮ್ಮೊಮ್ಮೆ ಚಿಕ್ಕಮ್ಮನ ಕೈಗೆ ಗಂಟು ಕೊಟ್ಟು, ಅವಳೊಡನೆ ಅರ್ಧ ಗಂಟೆ ಮಾತಾಡಿ ಹೋಗುತ್ತಿದ್ದರು. ಅವರ ಬಾಯಿಂದ ತಪ್ಪಿಸಿಕೊಳ್ಳಲು ಪರದೆ ಕಟ್ಟಿದವಳಿಗೆ ಈಗ ಅವರೆಲ್ಲರ ಮುಂದೆ ಕೂರುವ ಕೆಲಸ ಬಂತು. ಮಾಡಿದ್ದುಣ್ಣೋ ಮಹರಾಯ ಎಂದು ಅವ್ವ ಒಳಗೊಳಗೇ ನಕ್ಕಳು. ಆದರೆ ಅತ್ತೆ ಅಡುಗೆಮನೆಗೆ ಬರುವುದು, ನಗುವುದು, ಅಪ್ಪನನ್ನು ಕಿಚಾಯಿಸುವುದು ಎಲ್ಲ ಕಡಿಮೆಯಾದದ್ದನ್ನು ನೋಡಿ ಅವ್ವನ ನಗುವೂ ನಿಂತಿತು.

ಹೀಗೆ ಮೂರು ವಾರ ಕಳೆಯಿತು. ಒಂದು ದಿನ ಶಾಲೆ ಬಿಟ್ಟು ಬರುವಾಗ ಬಾಗಿಲಲ್ಲಿ ಬಟ್ಟೆಯ ಗಂಟು ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ನಾನು ಕೊಟ್ಟ ಮಾತು ಉಳಿಸಿಕೊಳ್ಳುವ ಉತ್ಸಾಹದಲ್ಲಿ ಹಿತ್ತಲಿಗೆ ಓಡಿದೆ. ಅತ್ತೆಯ ಬೆನ್ನು ನನ್ನ ಕಡೆಗಿತ್ತು. ಹಿಂದಿನಿಂದ ಹೋಗಿ ಎರಡೂ ಹೆಗಲ ಮೇಲೆ ಕೈಯಿಟ್ಟೆ. ಅವಳು ಕಿರುಚಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ದಪ್ಪ ಸೂಜಿ ಅವಳ ಎಡ ಅಂಗೈಗೆ ಹೊಕ್ಕಿತ್ತು. ತಿರುಗಿದವಳೇ ನನ್ನ ಕೆನ್ನೆಗೆ ಬಾರಿಸಿದಳು. ಹುಟ್ಟಿದಾಗಿನಿಂದ ನನ್ನ ಮೇಲೆ ಅವಳ ಕೈ ಬಿದ್ದದ್ದು ಅದೊಂದೇ ಸಲ. ಹೊಡೆದದ್ದು ಯಾರಿಗೆಂದು ಕಂಡಮೇಲೆ ನನ್ನನ್ನು ಎಳೆದು ಅಪ್ಪಿಕೊಂಡು ಅವಳೇ ಅಳತೊಡಗಿದಳು.

"ಹಿಂದಿಂದ ಬರಬ್ಯಾಡ ಕಣೇ ಪುಟ್ಟಿ. ಯಾರು ಬಂದ್ರು ಅಂತ ನಂಗೇ ಕಾಣ್ಬೇಕು. ನೀವು ಬಂದು ಹೇಳಿದ ಮೇಲೆ ನಂಗೆ ಗೊತ್ತಾಗದು ಬ್ಯಾಡ. ಈ ಮನೇಲಿ ನಾನು ಹಂಗೆ ಇರಲ್ಲ."

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಅವಳೇ ಬಂದು ಸೂಜಿ ಕಿತ್ತು, ಕೈ ತೊಳೆದು, ಅರಿಶಿನ ಒತ್ತಿ ಬಟ್ಟೆ ಸುತ್ತಿದಳು. ಆಮೇಲೆ ಎದ್ದು ಹೋಗಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ, ಬಿಸಿಲಿಗೆ ಮುಖ ಮಾಡಿ ಅತ್ತೆಯ ಎದುರಿಗೆ ಕೂತು, ತಲೆ ಎತ್ತಿದಳು.

"ಅಕ್ಕಾರ, ತಪ್ಪಾತ್ರಿ. ನಿಮ್ಮನ್ನ ಓಡ್ಸಾಕ ಬಟ್ಟಿ ಕಟ್ಟಿದ್ದಲ್ಲ. ತಲಿ ಬಾಚ್ಕೊಳ್ಳಾಕ ನನಗೊಂದು ಮೂಲಿ ಬೇಕಿತ್ತು, ಅಷ್ಟ."

ಅತ್ತೆ ಅವಳ ಬಾಯಿಯನ್ನೇ ನೋಡುತ್ತಾ ಕೂತಿದ್ದಳು.

"ಇನ್ನೊಂದ್ಸಲ ಹೇಳು."

ಸಿಟ್ಟಿನಿಂದ ಹೇಳಿಸುತ್ತಿದ್ದಾಳೆ ಎಂದು ಚಿಕ್ಕಮ್ಮ ಹೆದರಿದಳು. ಆದರೂ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು.

"ಅದಲ್ಲ ಮಾರಾಯ್ತಿ. ನಿನ್ನ ಬಾಯಿ ನಾನು ನೋಡಿದ್ದೇ ಇವತ್ತು. ಎಂಟು ತಿಂಗಳಾತು, ಏನು ಹೇಳಿದ್ರೂ ತಲೆ ತಗ್ಗಿಸಿ ನೆಲಕ್ಕೆ ಹೇಳ್ತೀಯ. ನೆಲಕ್ಕೆ ಕೇಳ್ತೋ ಏನೋ, ನಂಗೊಂದು ಮಾತೂ ಕೇಳಿಲ್ಲ. ಇದನ್ನ ಮೊದ್ಲೇ ಹೇಳದಲ್ವಾ?"

"ಹೇಳಿದ್ನಿರೀ. ಮೂರು ಸಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದರು, ನಿಲ್ಲಿಸಲೇ ಇಲ್ಲ. ಕೆನ್ನೆ ಉರಿಯುತ್ತಿದ್ದ ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ದೊಡ್ಡವರ ಮುಂದೆ ತಲೆ ಎತ್ತಿ ಮಾತಾಡಬೇಡ ಎಂದು ತವರಿನಲ್ಲಿ ಹತ್ತು ಸಲ ಹೇಳಿ ಕಳಿಸಿದ್ದರಂತೆ. ಅವಳ ಆ ಮರ್ಯಾದೆಯೇ ಕಿವಿ ಕೇಳದ ನಾದಿನಿಗೆ ಎಂಟು ತಿಂಗಳು ಬಾಗಿಲು ಹಾಕಿದಂತಾಗಿತ್ತು. ಇದನ್ನು ಮನೆಯ ಸೊಸೆಗೆ ಮೊದಲ ದಿನವೇ ಯಾರಾದರೂ ಹೇಳಬೇಕಿತ್ತು. ಅವ್ವ ಹೇಳುತ್ತಾಳೆಂದು ಅಪ್ಪ, ಅಪ್ಪ ಹೇಳುತ್ತಾನೆಂದು ಅವ್ವ, ಇಬ್ಬರೂ ಸುಮ್ಮನಿದ್ದರು.

ಮರುದಿನ ಬೆಳಗ್ಗೆ ಆ ಕೋಣೆಯಲ್ಲಿ ಪಂಚಾಯಿತಿ ಕೂತಿತು. ಚಿಕ್ಕಮ್ಮ ತನ್ನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು, ಅತ್ತೆಗೆ ಅದರ ಮೇಲೆ ಕೂರಲು ಹೇಳಿದಳು. ಅತ್ತೆ ಒಪ್ಪಲಿಲ್ಲ. ಹೊಸ ಜೋಡಿಯ ಮಂಚ, ಮದುವೆಯಾಗದ ಹೆಂಗಸು ಕೂರಬಾರದು ಎಂದಳು. ಅವಳ ಬಾಯಿಂದ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು, ಅವಳಿಗೂ ಒಳಗೆಲ್ಲೋ ಹೀಗೊಂದು ನೋವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಅವಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಹಗಲೊತ್ತು ಇದು ನಿಮ್ಮ ಮಂಚ. ಕೂರ್ರಿ ಅಂದ್ರ ಕೂರ್ರಿ."

ಮಂಚದ ಮೇಲೆ ಕೂತ ಅತ್ತೆಗೆ ಬಸ್ ಸ್ಟ್ಯಾಂಡಿನವರೆಗೆ ಬೀದಿ ಕಂಡಿತು. ಚಿಕ್ಕಮ್ಮ ಮಂಚದ ಬುಡದಲ್ಲಿ ನೆಲದ ಮೇಲೆ ಕೂತಳು, ನನ್ನನ್ನು ಬೀದಿಗೆ ಕಳಿಸಿ, ಕಾಣಿಸ್ತೀನಾ ನೋಡು ಎಂದಳು. ಕಿಟಕಿಯ ಅರ್ಧಕ್ಕೆ ನೂಲು ಕಟ್ಟಿ ಬಟ್ಟೆ ಇಳಿಬಿಟ್ಟರೆ ಅವಳು ಕಾಣುತ್ತಿರಲಿಲ್ಲ, ಅತ್ತೆಗೆ ಎಲ್ಲ ಕಾಣುತ್ತಿತ್ತು. ಅತ್ತೆ ತನ್ನ ಕತ್ತರಿಯಿಂದ ಆ ಹಸಿರು ಹೂವಿನ ಪರದೆಯನ್ನು ನಡುವಿಗೆ ಸರಿಯಾಗಿ ಕತ್ತರಿಸಿದಳು. ಒಂದು ಅರ್ಧ ಕಿಟಕಿಗೆ ಹೋಯಿತು, ಇನ್ನೊಂದು ಅರ್ಧ ಕೌದಿಗೆ. ಸಂಜೆ ಬಸಕ್ಕ ಬಂದು, ಬೆಳಕಿಗೆ ಅಡ್ಡ ನಿಂತು, ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಏನ್ ಗೌರಕ್ಕ, ಅರ್ಧ ಅಮ್ಮ ಬಂದಾಳಾ ಮನೀಗೆ?"

"ಹೌದೇ, ಪೂರಾ ಬರೋಣ ಅಂದ್ರೆ ನಿನ್ನ ಹಾಲು ನೀರಾಗೈತಂತೆ" ಎಂದು ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ಪರದೆಯ ಕೆಳಗೆ ಕೂದಲು ಹರಡಿಕೊಂಡು ಕೂತಿದ್ದ ಚಿಕ್ಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಆಮೇಲಿನ ವರ್ಷಗಳಲ್ಲಿ ಅವರಿಬ್ಬರೂ ಆ ಕಿಟಕಿಯ ಮೇಲೊಬ್ಬರು ಕೆಳಗೊಬ್ಬರು ಕೂತು ಎಷ್ಟು ಕೌದಿ ಹೊಲಿದರೋ ಲೆಕ್ಕವಿಲ್ಲ. ಚಿಕ್ಕಮ್ಮ ಮೊದಲ ಬಾಣಂತನಕ್ಕೆ ತವರಿಗೂ ಹೋಗಲಿಲ್ಲ, ಗೌರಕ್ಕನ ಹತ್ತಿರವೇ ಇರುತ್ತೇನೆ ಎಂದು ಹಟ ಹಿಡಿದಳು. ನಾನು ಆ ಮನೆಯಲ್ಲಿ ಕಲಿತದ್ದು ಇಷ್ಟು. ಮಾತಾಡುವಾಗ ಮುಖ ಕೊಟ್ಟು ಮಾತಾಡಬೇಕು. ಬೋರ್ಡಿಗೆ ಮುಖ ಮಾಡಿಕೊಂಡು ನಾನು ಒಂದು ದಿನವೂ ಪಾಠ ಹೇಳಲಿಲ್ಲ. ಇನ್ನೊಂದು ಕೋಣೆಯಿಂದ ಕೂಗಿ ಮಾತಾಡುವವರನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಇಷ್ಟೆಲ್ಲ ನೆನಪು ಮಾಡಿಕೊಂಡು, ಪರದೆ ಬೇಡವೇ ಬೇಡ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಗೌರತ್ತೆ ಹೋಗಿ ಬಹಳ ವರ್ಷವಾಯಿತು. ಚಿಕ್ಕಮ್ಮ ಇದ್ದಾಳೆ, ಸೊರಬದಲ್ಲಿ ಮಗ ಸೊಸೆ ಮೊಮ್ಮಕ್ಕಳ ನಡುವೆ ರಾಜ್ಯಭಾರ ಮಾಡಿಕೊಂಡಿದ್ದಾಳೆ. ನನ್ನ ತೀರ್ಮಾನ ಕೇಳಿ ಖುಷಿಪಡುತ್ತಾಳೆಂದು ಶುಕ್ರವಾರ ಫೋನ್ ಮಾಡಿದೆ. ಅತ್ತೆಯ ಹೆಸರಿನಲ್ಲಿ ಎಂಟು ಕಿಟಕಿಯನ್ನೂ ಹಾಗೇ ಬಿಡುತ್ತಿದ್ದೇನೆ ಎಂದೆ.

"ನಿನ್ನ ಸೊಸೀನ ಕೇಳಿದೇನು?"

"ಇದರಲ್ಲಿ ಅವಳನ್ನ ಕೇಳೋದೇನು ಚಿಕ್ಕಮ್ಮ?"

"ಹೌದವ್ವ. ನನ್ನನ್ನೂ ಯಾರೂ ಕೇಳಿರಲಿಲ್ಲ."

ಫೋನ್ ಇಟ್ಟಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಳತೆಯವನ ಮುಂದೆ ಅಡುಗೆಮನೆಯ ಬಾಗಿಲಲ್ಲಿ ಮಾತಿಲ್ಲದೆ ನಿಂತಿದ್ದವಳ ಮುಖ ನೆನಪಾಯಿತು. ನಾಲ್ಕು ತಿಂಗಳಿನಿಂದ ಬೋಳು ಕಿಟಕಿಯ ಕೋಣೆಯಲ್ಲಿ ಅವಳು ಹೇಗೆ ಸೀರೆ ಉಟ್ಟಳೋ, ಎಲ್ಲಿ ತಲೆ ಬಾಚಿದಳೋ, ನಾನು ಕೇಳಿದವಳೇ ಅಲ್ಲ. ಗೌರತ್ತೆಯ ಪಕ್ಷ ಹಿಡಿಯುವ ಭರದಲ್ಲಿ ನಾನು ಇನ್ನೊಬ್ಬ ಸರೋಜ ಚಿಕ್ಕಮ್ಮನನ್ನು ಬಚ್ಚಲಿಗೆ ಕಳಿಸಿದ್ದೆ. ರೂಪಾ ಇಲ್ಲಿಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ, ಐದೂವರೆಗೆ ಬರುತ್ತಾಳೆ. ಬಂದೊಡನೆ ನಾನೇ ಚಹಾ ಮಾಡಿ ಕೊಟ್ಟು, ಅವಳ ಎದುರಿಗೆ ಕೂತೆ. ಅವಳಿಗೆ ಗಾಬರಿಯಾಯಿತು, ಅತ್ತೆ ಚಹಾ ಮಾಡಿ ಕೊಟ್ಟರೆ ಯಾರಿಗಾದರೂ ಆಗುತ್ತದೆ.

"ಕಿಟಕಿಗೆ ಕರ್ಟನ್ ಹಾಕಿಸೋದು ನಿನಗೆ ಬೇಕೋ ಬೇಡವೋ? ನನ್ನ ಮುಖ ನೋಡಿ, ಇದ್ದದ್ದು ಇದ್ದ ಹಾಗೆ ಹೇಳು."

"ನಮ್ಮ ರೂಮಿನ ಎರಡು ಕಿಟಕಿಗೆ ಬೇಕ್ರಿ ಅತ್ತಿ. ಮೊದಲ ದಿನದಿಂದ ಬೇಕಿತ್ತು. ಹೇಳಾಕ ಹೆದರಿಕಿ ಆತು." ಇಷ್ಟು ಹೇಳಿ ಅವಳು ಲೋಟದ ಕಡೆ ನೋಡಿದಳು, ಮತ್ತೆ ನೆನಪಾಗಿ ನನ್ನ ಮುಖ ನೋಡಿದಳು. "ಮುಂದಿನ ಕಿಟಕಿಗೆ ಮಾತ್ರ ಬ್ಯಾಡ್ರಿ."

"ಯಾಕೆ? ಬೀದಿಗೆ ಕಾಣೋದು ಅದೇ ಅಲ್ವಾ?"

"ಬೈಬಾರದು ಮತ್ತ."

"ಬೈಯಲ್ಲ, ಹೇಳು."

"ನೀವು ದಿನಾ ಅಲ್ಲೇ ಕೂತಿರ್ತೀರಲ್ರಿ. ಗೇಟಿನತ್ರ ನಿಂತು ಮೊದ್ಲು ನಿಮ್ಮ ಮಖ ನೋಡ್ತೀನಿ. ನಗುಮಖ ಇದ್ರ ಮುಂದಿನ ಬಾಗ್ಲಿಂದ ಬರ್ತೀನಿ. ಸಿಟ್ಟಿನಾಗ ಇದ್ರ ಹಿತ್ಲ ಕಡಿಂದ."

ಅವಳು ಹಿತ್ತಲ ಕಡೆಯಿಂದ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೊರಗಿನಿಂದ ಬಂದವಳು ಕಾಲು ತೊಳೆದೇ ಒಳಗೆ ಬರುತ್ತಾಳೆ, ಎಂಥ ಒಳ್ಳೆಯ ಮನೆತನದ ಹುಡುಗಿ ಎಂದು ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದೆ.